ಕಮಾಂಡ್ ಲೈನ್‌ನಲ್ಲಿ ಎಐ ಕೋಡಿಂಗ್ ಸಹಾಯಕ: ಮೊದಲು ಬೇಲಿ, ಆಮೇಲೆ ಕೆಲಸ

ಬ್ರೌಸರಿನ ಚಾಟ್ ಪುಟದಲ್ಲಿ ಕೋಡ್ ಕೇಳಿ, ಬಂದ ಉತ್ತರವನ್ನು ನಕಲಿಸಿ ಎಡಿಟರಿಗೆ ಅಂಟಿಸುವ ಪದ್ಧತಿ ಈಗ ಬಹುತೇಕರಿಗೆ ಪರಿಚಿತ. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಲೈನ್‌ನಲ್ಲಿ, ಓಡುವ ಸಹಾಯಕದ ಸ್ವಭಾವ ಬೇರೆ. ಚಾಟ್ ಪುಟದ ಹಿಂದಿರುವ ಎಐ ಮಾದರಿಗೆ (ಮಾಡೆಲ್) ನಿಮ್ಮ ಕಂಪ್ಯೂಟರ್ ಕಾಣಿಸುವುದಿಲ್ಲ. ಟರ್ಮಿನಲ್‌ನ ಸಹಾಯಕವಾದರೋ ನೀವಿರುವ ಫೋಲ್ಡರಿನ ಫೈಲುಗಳನ್ನು ತಾನೇ ತೆರೆದು ಓದುತ್ತದೆ, ತಿದ್ದುತ್ತದೆ, ಪರೀಕ್ಷೆಗಳನ್ನು ಓಡಿಸುತ್ತದೆ, ದೋಷ ಬಂದರೆ ಅದರ ಸಂದೇಶವನ್ನು ಓದಿಕೊಂಡು ಮತ್ತೆ ತಿದ್ದುತ್ತದೆ. ನಿಮ್ಮ ಬಳಕೆದಾರ ಖಾತೆಗೆ ಏನೇನು ಮಾಡುವ ಅಧಿಕಾರವಿದೆಯೋ, ತಡೆ ಹಾಕದಿದ್ದರೆ ಅದೆಲ್ಲವನ್ನೂ ಮಾಡುವ ಅಧಿಕಾರ ಅದಕ್ಕೂ ಇರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸಹಾಯಕಕ್ಕೆ ಕೆಲಸ ಹೇಳುವ ಭಾಗಕ್ಕಿಂತ, ಅದಕ್ಕೆ ಮುಂಚೆ ಮಾಡಿಕೊಳ್ಳಬೇಕಾದ ಸಿದ್ಧತೆಗೆ ಹೆಚ್ಚು ಜಾಗ ಸಂದಿದೆ.

ಒಂದು ಸಣ್ಣ ಕೆಲಸವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: ಕನ್ನಡ ಪಠ್ಯವೊಂದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಪೈಥಾನ್ ಪ್ರೋಗ್ರಾಮ್. ನೋಡಲು ಸುಲಭವೆನಿಸುವ ಈ ಕೆಲಸದಲ್ಲಿ ಸಹಾಯಕಗಳು ಎಲ್ಲಿ ಎಡವುತ್ತವೆ ಎಂಬುದನ್ನು ಮುಂದೆ ನೋಡಲಿದ್ದೇವೆ. ಆಜ್ಞೆಗಳನ್ನು ಇಲ್ಲಿ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು; ಸ್ಲ್ಯಾಶ್, ಡಾಟ್, ಹೈಫನ್ ಎಂದಿರುವಲ್ಲಿ ಆಯಾ ಚಿಹ್ನೆಯನ್ನು ಒತ್ತಬೇಕು.

ಮೊದಲ ಹಂತ: ಆಯ್ಕೆ

ಈ ಬಗೆಯ ಸಾಧನಗಳಲ್ಲಿ ಹಳೆಯವುಗಳಲ್ಲೊಂದು 2023ರಲ್ಲಿ ಬಂದ ಏಡರ್. ಅದು ಪೈಥಾನ್‌ನಲ್ಲಿ ಬರೆದ ಮುಕ್ತ ತಂತ್ರಾಂಶ, ಬೇರೆ ಬೇರೆ ಕಂಪನಿಗಳ ಮಾದರಿಗಳ ಜೊತೆ ಕೆಲಸ ಮಾಡುತ್ತದೆ. 2025ರ ಫೆಬ್ರವರಿಯಲ್ಲಿ ಆಂಥ್ರೊಪಿಕ್ ಕಂಪನಿಯ ಕ್ಲಾಡ್ ಕೋಡ್ ಪ್ರಾಯೋಗಿಕ ರೂಪದಲ್ಲಿ ಬಂತು, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನೈ ಸಿಎಲ್‌ಐ ಬಂದವು. ಕೊನೆಯ ಎರಡರ ಮೂಲ ಕೋಡ್ ಅಪಾಚೆ 2.0 ಪರವಾನಗಿಯಡಿ ಲಭ್ಯವಿದೆ. ಕೋಡ್ ಮುಕ್ತವಾಗಿದ್ದರೂ ಹಿಂದೆ ಕೆಲಸ ಮಾಡುವ ಮಾದರಿಗೆ ಚಂದಾ ಕೊಡಬೇಕಾಗಬಹುದು, ಇಲ್ಲವೇ ಬಳಸಿದ ಟೋಕನ್‌ಗಳ (ಮಾದರಿ ಓದುವ, ಬರೆಯುವ ಪಠ್ಯದ ತುಣುಕುಗಳ) ಲೆಕ್ಕದಲ್ಲಿ ಹಣ ಕಟ್ಟಬೇಕಾಗಬಹುದು ಎಂಬುದನ್ನು ಗಮನದಲ್ಲಿಡಬೇಕು.

ಯಾವುದು ಉತ್ತಮ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡುವ ಅಗತ್ಯವಿಲ್ಲ. ಕೈಯಲ್ಲಿ ಯಾವ ಕಂಪನಿಯ ಚಂದಾ ಇದೆಯೋ ಅದರ ಸಾಧನದಿಂದಲೇ ಆರಂಭಿಸಬಹುದು. ಕೋಡ್ ಹೊರಗೆ ಹೋಗಬಾರದೆಂಬ ನಿರ್ಬಂಧ ನಿಮ್ಮ ಕಚೇರಿಯಲ್ಲಿದ್ದರೆ, ಏಡರನ್ನು ಓಲಾಮ ಎಂಬ ತಂತ್ರಾಂಶದ ಮೂಲಕ ನಿಮ್ಮದೇ ಯಂತ್ರದಲ್ಲಿ ಓಡುವ ಮಾದರಿಗೆ ಜೋಡಿಸುವ ದಾರಿಯಿದೆ. ಆಗ ಓಲಾಮ ಪೂರ್ವನಿಯೋಜಿತವಾಗಿ ಇಟ್ಟಿರುವ ಸಂದರ್ಭದ ಮಿತಿ (ಮಾದರಿ ಒಮ್ಮೆಗೆ ನೋಡಬಲ್ಲ ಪಠ್ಯದ ಪ್ರಮಾಣ) ಚಿಕ್ಕದಾಗಿರಬಹುದೆಂಬುದನ್ನು ನೆನಪಿಡಿ: ಮಿತಿ ಮೀರಿದ ಪಠ್ಯವನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ, ನೀವು ಕೊಟ್ಟ ಫೈಲನ್ನು ಮಾದರಿ ನೋಡಿಯೇ ಇಲ್ಲವೇನೋ ಎಂಬಂತೆ ಉತ್ತರಗಳು ಬರತೊಡಗುತ್ತವೆ. ಈ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಹಿಗ್ಗಿಸಿಕೊಂಡೇ ಆರಂಭಿಸುವುದು ಒಳ್ಳೆಯದು.

ಎರಡನೆಯ ಹಂತ: ಅಳವಡಿಕೆ ಮತ್ತು ಕೀಲಿ

ಕ್ಲಾಡ್ ಕೋಡ್, ಕೋಡೆಕ್ಸ್, ಜೆಮಿನೈ ಮೂರನ್ನೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್ ಜೊತೆಗೆ ಬರುವ, ಪ್ಯಾಕೇಜುಗಳನ್ನು ಅಳವಡಿಸುವ ಎನ್‌ಪಿಎಂ ಮೂಲಕ ಹಾಕಿಕೊಳ್ಳಬಹುದು; ಬೇರೆ ಅಳವಡಿಕೆ ವಿಧಾನಗಳೂ ಇವೆ. ಎನ್‌ಪಿಎಂ ಬಳಸುವವರು ನೋಡ್‌ನ ದೀರ್ಘಾವಧಿ ಬೆಂಬಲವಿರುವ ಇತ್ತೀಚಿನ ಆವೃತ್ತಿಯನ್ನು ಇಟ್ಟುಕೊಳ್ಳಬೇಕು. ಅನುಮತಿಯ ದೋಷ ಬಂದಿತೆಂದು ಆಜ್ಞೆಯ ಆರಂಭದಲ್ಲಿ ಸುಡೋ ಸೇರಿಸಿ ಅಳವಡಿಸಬಾರದು. ಹಾಗೆ ಮಾಡಿದರೆ ಪ್ಯಾಕೇಜಿನೊಳಗಿನ ಸ್ಕ್ರಿಪ್ಟುಗಳಿಗೆ ಇಡೀ ಯಂತ್ರದ ಅಧಿಕಾರ ಸಿಗುತ್ತದೆ. ಎನ್‌ಪಿಎಂನ ಜಾಗತಿಕ ಫೋಲ್ಡರನ್ನು ನಿಮ್ಮ ಹೋಮ್ ಫೋಲ್ಡರಿನೊಳಕ್ಕೆ ಬದಲಾಯಿಸಿಕೊಳ್ಳುವುದು ಸರಿಯಾದ ಪರಿಹಾರ. ಏಡರನ್ನು ಪೈಥಾನ್‌ನ ಪ್ರತ್ಯೇಕ ಪರಿಸರದಲ್ಲಿ, ಪಿಪ್‌ಎಕ್ಸ್ ಅಥವಾ ಯುವಿ ಮೂಲಕ ಹಾಕಿದರೆ ಅದರ ಅವಲಂಬನೆಗಳು ನಿಮ್ಮ ಯೋಜನೆಯ ಅವಲಂಬನೆಗಳೊಡನೆ ಜಗಳಕ್ಕೆ ಬೀಳುವುದಿಲ್ಲ.

ವಿಂಡೋಸ್ ಬಳಕೆದಾರರಿಗೆ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗಿನ ಉಬುಂಟು ಲಿನಕ್ಸ್ ಹೆಚ್ಚು ಅನುಕೂಲ. ಆದರೆ ಯೋಜನೆಯ ಫೋಲ್ಡರನ್ನು ಸಿ ಡ್ರೈವಿನಲ್ಲೇ ಬಿಟ್ಟು ಲಿನಕ್ಸ್ ಕಡೆಯಿಂದ ತೆರೆದರೆ ಪ್ರತಿ ಹುಡುಕಾಟವೂ ನಿಧಾನವಾಗುತ್ತದೆ. ಫೋಲ್ಡರನ್ನು ಉಬುಂಟುವಿನ ಹೋಮ್ ಒಳಗೇ ಇರಿಸಬೇಕು.

ಚಂದಾದಾರರು ಬ್ರೌಸರ್ ಮೂಲಕ ಲಾಗಿನ್ ಆದರೆ ಸಾಕು. ಎಪಿಐ ಕೀಲಿ (ಮಾದರಿಯನ್ನು ಬಳಸಲು ಕಂಪನಿ ಕೊಡುವ ಗುಟ್ಟಿನ ಸಂಕೇತಪದ) ಬಳಸುವವರು ಅದನ್ನು ಪರಿಸರ ಚರಾಂಕದಲ್ಲಿ (ಎನ್ವಿರಾನ್‌ಮೆಂಟ್ ವೇರಿಯೇಬಲ್) ಇಡಬೇಕು, ಕೋಡ್ ಫೈಲಿನಲ್ಲಿ ಎಂದೂ ಇಡಬಾರದು. ಯೋಜನೆಯ ಡಾಟ್ ಎನ್ವ್ ಫೈಲಿನಲ್ಲಿ ಇಡುವುದಾದರೆ ಅದರ ಹೆಸರನ್ನು ಡಾಟ್ ಗಿಟ್‌ಇಗ್ನೋರ್‌ಗೆ (ಬದಲಾವಣೆಗಳ ಇತಿಹಾಸ ಇಡುವ ಗಿಟ್ ಕಡೆಗಣಿಸಬೇಕಾದ ಫೈಲುಗಳ ಪಟ್ಟಿ) ಸೇರಿಸುವ ಕೆಲಸ ಮೊದಲ ಕಮಿಟ್‌ಗೂ (ಇತಿಹಾಸಕ್ಕೆ ದಾಖಲಿಸುವುದಕ್ಕೂ) ಮುಂಚೆ ಆಗಿರಬೇಕು. ಒಮ್ಮೆ ಕಮಿಟ್ ಆದ ಕೀಲಿಯನ್ನು ನಂತರದ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿದೇ ಇರುತ್ತದೆ. ಅಂಥ ಸಂದರ್ಭದಲ್ಲಿ ಕೀಲಿಯನ್ನೇ ರದ್ದುಮಾಡಿ ಹೊಸದನ್ನು ಪಡೆಯುವುದು ಒಂದೇ ದಾರಿ. ಕೀಲಿ ಪಡೆದ ದಿನವೇ ಆ ಕಂಪನಿಯ ಖಾತೆಪುಟದಲ್ಲಿ ತಿಂಗಳ ಖರ್ಚಿನ ಮಿತಿಯನ್ನೂ ನಿಗದಿಪಡಿಸಿ.

ಮೂರನೆಯ ಹಂತ: ಗಿಟ್ ಇಲ್ಲದೆ ಮುಂದೆ ಹೋಗಬೇಡಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುವಷ್ಟು ತಾಳ್ಮೆ ನಿಮಗಿದ್ದರೆ ಇದನ್ನೇ ಆರಿಸಿಕೊಳ್ಳಿ. ಯೋಜನೆಯ ಫೋಲ್ಡರಿನಲ್ಲಿ ಗಿಟ್ ಇನಿಟ್ ಕೊಟ್ಟು, ಈಗಿರುವ ಎಲ್ಲವನ್ನೂ ಕಮಿಟ್ ಮಾಡಿ, ಗಿಟ್ ಸ್ಟೇಟಸ್ ಓಡಿಸಿದಾಗ ಬದಲಾವಣೆ ಏನೂ ಇಲ್ಲವೆಂಬ ಉತ್ತರ ಬಂದ ಮೇಲಷ್ಟೇ ಸಹಾಯಕವನ್ನು ಕರೆಯಬೇಕು. ನಂತರ ಗಿಟ್ ಸ್ವಿಚ್ ಆಜ್ಞೆಯಿಂದ ಹೊಸ ಬ್ರಾಂಚ್ (ಇತಿಹಾಸದ ಪ್ರತ್ಯೇಕ ಕವಲು) ಒಂದನ್ನು ತೆರೆದು ಅದರಲ್ಲಿ ಕೆಲಸ ಮಾಡಿಸಿ. ಹೀಗೆ ಮಾಡಿದರೆ ಸಹಾಯಕ ಮಾಡಿದ ಬದಲಾವಣೆ ಯಾವುದು, ನಿಮ್ಮದು ಯಾವುದು ಎಂಬ ಗೊಂದಲ ಉಳಿಯುವುದಿಲ್ಲ; ಫಲಿತಾಂಶ ಹಿಡಿಸದಿದ್ದರೆ ಬ್ರಾಂಚನ್ನೇ ಎಸೆಯಬಹುದು.

ಏಡರ್ ಈ ಶಿಸ್ತನ್ನು ತನ್ನೊಳಗೇ ಕಟ್ಟಿಕೊಂಡಿದೆ. ಅದು ತನ್ನ ಪ್ರತಿ ತಿದ್ದುಪಡಿಯನ್ನೂ ತಾನೇ ಕಮಿಟ್ ಮಾಡುತ್ತದೆ, ನಿಮ್ಮ ಅರ್ಧಂಬರ್ಧ ಕೆಲಸವಿದ್ದರೆ ಮೊದಲು ಅದನ್ನು ಪ್ರತ್ಯೇಕವಾಗಿ ಕಮಿಟ್ ಮಾಡಿಕೊಳ್ಳುತ್ತದೆ, ಸ್ಲ್ಯಾಶ್ ಅನ್‌ಡೂ ಕೊಟ್ಟರೆ ತನ್ನ ಕೊನೆಯ ಕಮಿಟನ್ನು ಹಿಂತೆಗೆದುಕೊಳ್ಳುತ್ತದೆ. ಉಳಿದ ಸಾಧನಗಳಲ್ಲಿ ಈ ಕೆಲಸ ನಿಮ್ಮ ಪಾಲಿನದು. ಒಂದೊಂದು ಸಣ್ಣ ಕೆಲಸ ಮುಗಿದು ನಿಮಗೆ ಸರಿಕಂಡ ಕೂಡಲೇ ಕಮಿಟ್ ಮಾಡುವ ರೂಢಿ ಬೆಳೆಸಿಕೊಳ್ಳಿ.

ಗಿಟ್ ಎಲ್ಲವನ್ನೂ ಕಾಯುತ್ತದೆ ಎಂಬ ಭರವಸೆಯೂ ಬೇಡ. ಇನ್ನೂ ಗಿಟ್‌ಗೆ ಸೇರಿಸದ ಹೊಸ ಫೈಲುಗಳನ್ನಾಗಲಿ, ಗಿಟ್‌ಇಗ್ನೋರ್‌ನಲ್ಲಿ ಹೆಸರಿರುವ ಫೈಲುಗಳನ್ನಾಗಲಿ ಸಹಾಯಕ ಅಳಿಸಿದರೆ ಗಿಟ್ ರೆಸ್ಟೋರ್ ಅವನ್ನು ಮರಳಿಸಲಾರದು. ಯೋಜನೆಯ ಫೋಲ್ಡರಿನಲ್ಲೇ ಇರುವ ಎಸ್‌ಕ್ಯುಲೈಟ್ ದತ್ತಸಂಚಯ, ಬಳಕೆದಾರರು ಕಳಿಸಿದ ಚಿತ್ರಗಳ ಫೋಲ್ಡರ್, ಡಾಟ್ ಎನ್ವ್ ಫೈಲ್ ಇವೆಲ್ಲ ಸಾಮಾನ್ಯವಾಗಿ ಈ ಗುಂಪಿಗೇ ಸೇರಿರುತ್ತವೆ. ದೂರದ ಸರ್ವರಿನ ದತ್ತಸಂಚಯಕ್ಕಂತೂ ಗಿಟ್‌ನ ರಕ್ಷಣೆ ಮುಟ್ಟುವುದೇ ಇಲ್ಲ. 2025ರ ಜುಲೈಯಲ್ಲಿ ರೆಪ್ಲಿಟ್ ಎಂಬ ಆನ್‌ಲೈನ್ ಕೋಡಿಂಗ್ ವೇದಿಕೆಯ ಎಐ ಏಜೆಂಟ್, ಬದಲಾವಣೆ ಮಾಡಕೂಡದೆಂಬ ಸೂಚನೆ ಇದ್ದರೂ ಬಳಕೆಯಲ್ಲಿದ್ದ ದತ್ತಸಂಚಯವೊಂದನ್ನು ಅಳಿಸಿಹಾಕಿದ್ದು ಸುದ್ದಿಯಾಗಿತ್ತು. ಆ ಸಾಧನ ಟರ್ಮಿನಲ್‌ನದ್ದಲ್ಲ, ಆದರೆ ಕಾರಣ ಒಂದೇ: ಮಾತಿನಲ್ಲಿ ಕೊಟ್ಟ ಸೂಚನೆ ತಡೆಯಾಗುವುದಿಲ್ಲ. ಸಹಾಯಕ ಓಡುವ ಟರ್ಮಿನಲ್‌ನಲ್ಲಿ ನಿಜವಾದ ಸರ್ವರಿನ ಪಾಸ್‌ವರ್ಡ್ ಇರಲೇಬಾರದು.

ನಾಲ್ಕನೆಯ ಹಂತ: ಸೂಚನೆಯ ಫೈಲ್

ಸಹಾಯಕ ಪ್ರತಿ ಬಾರಿ ಆರಂಭವಾದಾಗಲೂ ಓದಿಕೊಳ್ಳುವ ಫೈಲೊಂದನ್ನು ಯೋಜನೆಯ ಮೂಲ ಫೋಲ್ಡರಿನಲ್ಲಿ ಇಡಬಹುದು. ಕ್ಲಾಡ್ ಕೋಡ್‌ಗೆ ಅದರ ಹೆಸರು ಕ್ಲಾಡ್ ಡಾಟ್ ಎಂಡಿ, ಕೋಡೆಕ್ಸ್‌ಗೆ ಏಜೆಂಟ್ಸ್ ಡಾಟ್ ಎಂಡಿ, ಜೆಮಿನೈಗೆ ಜೆಮಿನೈ ಡಾಟ್ ಎಂಡಿ. ಚುಕ್ಕೆಗೆ ಮುಂಚಿನ ಹೆಸರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು. ಕ್ಲಾಡ್ ಕೋಡ್‌ನಲ್ಲಿ ಸ್ಲ್ಯಾಶ್ ಇನಿಟ್ ಕೊಟ್ಟರೆ ಅದು ಯೋಜನೆಯನ್ನು ಓದಿ ಕರಡೊಂದನ್ನು ತಾನೇ ಬರೆದುಕೊಡುತ್ತದೆ. ಆ ಕರಡು ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಅರ್ಧಕ್ಕೆ ಇಳಿಸಿ.

ನಮ್ಮ ಉದಾಹರಣೆಗೆ ನಾಲ್ಕೇ ಸಾಲು ಸಾಕು: ಪರೀಕ್ಷೆಗಳನ್ನು ಪೈಟೆಸ್ಟ್ ಎಂಬ ಸಾಧನದಿಂದ ಓಡಿಸಬೇಕು, ಕೇಳದೆ ಹೊಸ ಲೈಬ್ರರಿ ಸೇರಿಸಬಾರದು, ಟೆಸ್ಟ್ಸ್ ಫೋಲ್ಡರಿನ ಫೈಲುಗಳನ್ನು ಮುಟ್ಟಬಾರದು, ಫೈಲುಗಳನ್ನು ತೆರೆಯುವಾಗ ಸಂಕೇತಕ್ರಮ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಕ್ರಮ) ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸಬೇಕು. ಕೊನೆಯ ಸಾಲು ಕನ್ನಡ ಪಠ್ಯದೊಡನೆ ಕೆಲಸ ಮಾಡುವವರಿಗೆ ಮುಖ್ಯ, ಏಕೆಂದರೆ ವಿಂಡೋಸ್‌ನಲ್ಲಿ ಪೈಥಾನ್ ಬೇರೊಂದು ಸಂಕೇತಕ್ರಮವನ್ನು ಊಹಿಸಿಕೊಂಡು ಫೈಲ್ ತೆರೆಯಬಹುದು. "ಒಳ್ಳೆಯ ಕೋಡ್ ಬರೆಯಬೇಕು" ಎಂಬಂಥ ಸಾಲುಗಳಿಂದ ಟೋಕನ್ ವ್ಯಯವಾಗುವುದರ ಹೊರತು ಬೇರೆ ಉಪಯೋಗವಿಲ್ಲ.

ಐದನೆಯ ಹಂತ: ಪರೀಕ್ಷೆ ಮೊದಲು, ಕೋಡ್ ನಂತರ

ಈಗ ಕೆಲಸಕ್ಕೆ ಬರೋಣ. "ಕನ್ನಡ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಹೇಳುವ ಫಂಕ್ಷನ್ ಬರೆ" ಎಂದಷ್ಟೇ ಕೇಳಿದರೆ, ಪಠ್ಯದ ಉದ್ದ ಹೇಳುವ ಪೈಥಾನ್‌ನ ಲೆನ್ ಬಳಸಿ ಎರಡು ಸಾಲಿನ ಉತ್ತರ ಬರುವ ಸಾಧ್ಯತೆ ಸಾಕಷ್ಟಿದೆ. "ಕನ್ನಡ" ಎಂಬ ಪದಕ್ಕೆ ಲೆನ್ ಕೊಡುವ ಉತ್ತರ 5, ಏಕೆಂದರೆ ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ ಚಿಹ್ನೆ (ಸ್ವರವಿಲ್ಲದ ಅರ್ಧಾಕ್ಷರವನ್ನು ಸೂಚಿಸುವ ಗುರುತು), ನ, ಡ ಎಂಬ ಐದು ಸಂಕೇತಗಳಾಗಿ ಇರುತ್ತದೆ. ಓದುವವರ ಲೆಕ್ಕದಲ್ಲಿ ಇರುವುದು ಮೂರೇ ಅಕ್ಷರ. "ಶಾಸ್ತ್ರ" ಪದಕ್ಕೆ ಲೆನ್ 7 ಎನ್ನುತ್ತದೆ, ಇರುವುದು ಎರಡು. ಕೋಡ್ ದೋಷವಿಲ್ಲದೆ ಓಡುತ್ತದೆ, ಸಹಾಯಕ ಕೆಲಸ ಮುಗಿಯಿತೆಂದು ಆತ್ಮವಿಶ್ವಾಸದಿಂದ ವರದಿ ಮಾಡುತ್ತದೆ, ಉತ್ತರ ಮಾತ್ರ ತಪ್ಪು. ಕನ್ನಡ ಬಲ್ಲವರು ನೋಡದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ನಿರೀಕ್ಷಿತ ಉತ್ತರಗಳನ್ನು ನೀವೇ, ನಿಮ್ಮ ಕೈಯಿಂದಲೇ ಪರೀಕ್ಷೆಯ ಫೈಲಿನಲ್ಲಿ ಬರೆದಿಡಿ. "ಕನ್ನಡ" 3, "ಶಾಸ್ತ್ರ" 2, "ಕರ್ನಾಟಕ" 4, "ಬಸ್" 2. ಇಷ್ಟಕ್ಕೆ ನಿಲ್ಲಿಸಬೇಡಿ. "ಬಸ್‌ಗೆ" ಎಂಬಲ್ಲಿ ಸಕಾರಕ್ಕೂ ಗಕಾರಕ್ಕೂ ಒತ್ತು ಬೀಳದಂತೆ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದು ಇರುತ್ತದೆ. ಅಲ್ಲಿ ಉತ್ತರ 3 ಆಗಬೇಕು. "ರ‍್ಯಾಂಕ್" ಎಂಬಲ್ಲಿ ರಕಾರ ಅರ್ಕಾವತ್ತಾಗಿ ತಿರುಗದೆ ಪೂರ್ಣರೂಪದಲ್ಲೇ ಉಳಿಯಲು ಇನ್ನೊಂದು ಕಾಣದ ಸಂಕೇತವಿರುತ್ತದೆ. ಹೊಸ ಪಠ್ಯಗಳಲ್ಲಿ ಅದು ವಿರಾಮಕ್ಕೆ ಮುಂಚೆ, ಹಳೆಯ ಕೆಲವು ಪಠ್ಯಗಳಲ್ಲಿ ವಿರಾಮದ ನಂತರ ಇರಬಹುದು, ಎರಡಕ್ಕೂ ಉತ್ತರ 2 ಬರಬೇಕು. ಗ್ರಾಫೀಮ್‌ಗಳನ್ನು (ಓದುಗರಿಗೆ ಒಂದು ಅಕ್ಷರವಾಗಿ ಕಾಣುವ ಘಟಕಗಳನ್ನು) ಎಣಿಸುವ ಸಿದ್ಧ ಲೈಬ್ರರಿಯೊಂದನ್ನು ಸಹಾಯಕ ಸೂಚಿಸಿದರೂ ಈ ಪರೀಕ್ಷೆಗಳನ್ನು ಓಡಿಸಿಯೇ ನೋಡಬೇಕು, ಅರ್ಧ ನಕಾರವನ್ನೂ ಅದರ ಒತ್ತನ್ನೂ ಬೇರೆ ಬೇರೆಯಾಗಿ ಎಣಿಸುವ ಲೈಬ್ರರಿಗಳೂ ಇವೆ. ಪರೀಕ್ಷೆಯ ಫೈಲನ್ನು ಕಮಿಟ್ ಮಾಡಿ.

ಇದರ ನಂತರ ಸಹಾಯಕವನ್ನು ತೆರೆದು, ಮೊದಲಿಗೆ ಕೋಡ್ ಬರೆಯಲು ಬಿಡದೆ ಅದರ ಕೆಲಸದ ಕ್ರಮವನ್ನಷ್ಟೇ ಕೇಳಿ. ಕ್ಲಾಡ್ ಕೋಡ್‌ನಲ್ಲಿ ಶಿಫ್ಟ್ ಮತ್ತು ಟ್ಯಾಬ್ ಒತ್ತುತ್ತ ಹೋದರೆ ಪ್ಲಾನ್ ಸ್ಥಿತಿ ಸಿಗುತ್ತದೆ, ಅಲ್ಲಿ ಅದು ಓದುತ್ತದೆಯೇ ಹೊರತು ಫೈಲ್ ತಿದ್ದುವುದಿಲ್ಲ. ಏಡರ್‌ನಲ್ಲಿ ಸ್ಲ್ಯಾಶ್ ಆಸ್ಕ್ ಅದೇ ಕೆಲಸಕ್ಕಿದೆ. ಸೂಚನೆಯನ್ನು ಕನ್ನಡದಲ್ಲೇ ಕೊಡಬಹುದು, ಈಗಿನ ದೊಡ್ಡ ಮಾದರಿಗಳಿಗೆ ಅದು ಅರ್ಥವಾಗುತ್ತದೆ. ಫೈಲ್ ಮತ್ತು ಫಂಕ್ಷನ್‌ಗಳ ಹೆಸರನ್ನು ಮಾತ್ರ ಕೋಡಿನಲ್ಲಿ ಇರುವಂತೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಉದಾಹರಣೆಗೆ: "ಟೆಸ್ಟ್ಸ್ ಫೋಲ್ಡರಿನ ಪರೀಕ್ಷೆಗಳನ್ನು ಓದು. ಅವೆಲ್ಲ ಸಫಲವಾಗುವಂತೆ ಅಕ್ಷರ ಎಣಿಸುವ ಫಂಕ್ಷನ್ ಬರೆಯಲು ನಿನ್ನ ಕ್ರಮವೇನೆಂದು ಮೊದಲು ಹೇಳು. ಸ್ವರ, ವ್ಯಂಜನ, ವಿರಾಮ, ಶೂನ್ಯ ಅಗಲದ ಸಂಕೇತಗಳನ್ನು ಹೇಗೆ ಬೇರ್ಪಡಿಸುತ್ತೀಯೆಂದು ವಿವರಿಸು." ವಿರಾಮದ ನಂತರ ಕೂಡಲೇ ಬಂದ ವ್ಯಂಜನವನ್ನು ಹೊಸ ಅಕ್ಷರವಾಗಿ ಎಣಿಸುವುದಿಲ್ಲ, ನಡುವೆ ಒತ್ತು ತಡೆಯುವ ಸಂಕೇತವಿದ್ದರೆ ಮಾತ್ರ ಎಣಿಸುತ್ತೇನೆ ಎಂಬರ್ಥದ ಉತ್ತರ ಬಂದರೆ ಮುಂದುವರಿಯಲು ಹೇಳಬಹುದು. ಬರದಿದ್ದರೆ ಕೋಡ್ ಬರೆಸುವುದು ವ್ಯರ್ಥ. ಇನ್ನೂ ಸಾಲುಗಳು ಹುಟ್ಟದಿರುವಾಗ ತಿದ್ದುವುದು ಸುಲಭ. ದಾರಿ ತಪ್ಪುತ್ತಿದೆ ಎನಿಸಿದ ಕ್ಷಣವೇ ಎಸ್ಕೇಪ್ (ಏಡರ್‌ನಲ್ಲಾದರೆ ಕಂಟ್ರೋಲ್ ಮತ್ತು ಸಿ) ಒತ್ತಿ ನಿಲ್ಲಿಸಲು ಹಿಂಜರಿಯಬೇಡಿ.

ಟರ್ಮಿನಲ್‌ನಲ್ಲಿ ಕನ್ನಡ ಒತ್ತಕ್ಷರಗಳು ಒಡೆದು, ಒಂದರ ಮೇಲೊಂದು ಬಿದ್ದಂತೆ ಕಾಣುವುದು ಸಾಮಾನ್ಯ. ಪ್ರತಿ ಸಂಕೇತಕ್ಕೂ ಸಮಾನ ಅಗಲದ ಚೌಕ ಕೊಡುವ ಟರ್ಮಿನಲ್‌ಗಳ ವ್ಯವಸ್ಥೆ ಅದಕ್ಕೆ ಕಾರಣ, ನಿಮ್ಮ ಪ್ರೋಗ್ರಾಮ್ ಅಲ್ಲ. ಫಲಿತಾಂಶವನ್ನು ಫೈಲಿಗೆ ಬರೆಸಿ ಎಡಿಟರಿನಲ್ಲೋ ಬ್ರೌಸರಿನಲ್ಲೋ ತೆರೆದು ನೋಡಿ. ಇಲ್ಲದ ದೋಷವನ್ನು ಸರಿಪಡಿಸಲು ಸಹಾಯಕಕ್ಕೆ ಹೇಳಿದರೆ ಅದು ವಿಧೇಯವಾಗಿ ಸರಿಯಿರುವುದನ್ನು ಕೆಡಿಸುತ್ತದೆ.

ಆರನೆಯ ಹಂತ: ಅನುಮತಿಗಳು

ಮೊದಮೊದಲು ಬಹುತೇಕ ಪ್ರತಿ ಆಜ್ಞೆಗೂ ಸಹಾಯಕ ನಿಮ್ಮ ಅನುಮತಿ ಕೇಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬೇಸರವಾಗಿ, ಓದದೆಯೇ ಹೌದು ಒತ್ತುವ ಸ್ಥಿತಿ ಬರುತ್ತದೆ; ಅಪಾಯ ಇರುವುದು ಅಲ್ಲೇ. ಹಾನಿಯಿಲ್ಲದ ಆಜ್ಞೆಗಳಿಗೆ ಖಾಯಂ ಅನುಮತಿ ಕೊಟ್ಟು ಪ್ರಶ್ನೆಗಳ ಸಂಖ್ಯೆ ಇಳಿಸಿದರೆ, ಉಳಿದ ಪ್ರಶ್ನೆಗಳನ್ನು ಕಣ್ಣಿಟ್ಟು ಓದುವ ತಾಳ್ಮೆ ಉಳಿಯುತ್ತದೆ. ಕ್ಲಾಡ್ ಕೋಡ್‌ನಲ್ಲಿ ಯೋಜನೆಯ ಡಾಟ್ ಕ್ಲಾಡ್ ಫೋಲ್ಡರಿನೊಳಗಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಅನುಮತಿಸಿದವು ಮತ್ತು ನಿಷೇಧಿಸಿದವು ಎಂಬ ಎರಡು ಪಟ್ಟಿಗಳನ್ನು ಬರೆಯಬಹುದು. ಗಿಟ್ ಸ್ಟೇಟಸ್, ಗಿಟ್ ಡಿಫ್, ಪೈಟೆಸ್ಟ್ ಇವು ಅನುಮತಿಯ ಪಟ್ಟಿಯಲ್ಲಿರಲಿ. ಡಾಟ್ ಎನ್ವ್ ಓದುವುದು, ಟೆಸ್ಟ್ಸ್ ಫೋಲ್ಡರನ್ನು ತಿದ್ದುವುದು, ಗಿಟ್ ಪುಶ್ ಇವು ನಿಷೇಧದ ಪಟ್ಟಿಯಲ್ಲಿರಲಿ.

ಕೋಡೆಕ್ಸ್ ಇದನ್ನು ಬೇರೆ ರೀತಿಯಲ್ಲಿ ಮಾಡುತ್ತದೆ. ಅದರಲ್ಲಿ ಓದುವುದಕ್ಕೆ ಮಾತ್ರ, ಯೋಜನೆಯ ಫೋಲ್ಡರಿನೊಳಗೆ ಬರೆಯುವುದಕ್ಕೆ, ಪೂರ್ಣ ಅಧಿಕಾರ ಎಂಬ ಮೂರು ಮಟ್ಟಗಳಿವೆ. ಮೊದಲೆರಡರಲ್ಲಿ ಕಾರ್ಯಾಚರಣ ವ್ಯವಸ್ಥೆಯೇ ತಡೆ ಒಡ್ಡುತ್ತದೆ, ಎರಡನೆಯ ಮಟ್ಟದಲ್ಲೂ ಪೂರ್ವನಿಯೋಜಿತವಾಗಿ ಅಂತರಜಾಲ ಸಂಪರ್ಕ ಸಿಗುವುದಿಲ್ಲ. ದಿನನಿತ್ಯದ ಕೆಲಸಕ್ಕೆ ನಡುವಿನ ಮಟ್ಟ ಸಾಕು. ಎಲ್ಲ ಪ್ರಶ್ನೆಗಳನ್ನೂ ಬದಿಗಿರಿಸುವ ಆಯ್ಕೆ ಕ್ಲಾಡ್ ಕೋಡ್‌ನಲ್ಲೂ ಇದೆ, ಅದರ ಹೆಸರಿನಲ್ಲೇ ಅಪಾಯಕಾರಿ ಎಂಬ ಎಚ್ಚರಿಕೆ ಸೇರಿದೆ. ಉಳಿದ ಯಂತ್ರದಿಂದ ಬೇರ್ಪಟ್ಟ ಪರಿಸರವಾದ ಡಾಕರ್ ಕಂಟೇನರಿನೊಳಗೆ, ಕೀಲಿ ಮತ್ತು ಪಾಸ್‌ವರ್ಡ್‌ಗಳು ಇಲ್ಲದ ಕಡೆ ಮಾತ್ರ ಅದನ್ನು ಬಳಸಬೇಕು.

ಅನುಮತಿಯ ವಿಷಯದಲ್ಲಿ ಹೊರಗಿನ ಪಠ್ಯದ ಬಗ್ಗೆಯೂ ಎಚ್ಚರ ಬೇಕು. ಸಹಾಯಕ ಓದುವ ವೆಬ್ ಪುಟದಲ್ಲೋ, ಯಾರದೋ ಯೋಜನೆಯ ರೀಡ್‌ಮಿ ಫೈಲಿನಲ್ಲೋ ಅಡಗಿಸಿಟ್ಟ ಸೂಚನೆಯನ್ನು ಅದು ನಿಮ್ಮ ಸೂಚನೆಯೆಂದೇ ಭಾವಿಸಿ ಪಾಲಿಸಿಬಿಡಬಹುದು. ಹಾಗೆಯೇ, ಮಾದರಿಗಳು ಅಸ್ತಿತ್ವದಲ್ಲೇ ಇಲ್ಲದ ಪ್ಯಾಕೇಜುಗಳ ಹೆಸರನ್ನು ಸೃಷ್ಟಿಸುವುದುಂಟು, ಆ ಹೆಸರಿನಲ್ಲಿ ಬೇರೆಯವರು ದುರುದ್ದೇಶದ ಪ್ಯಾಕೇಜನ್ನು ಪ್ರಕಟಿಸಿಟ್ಟಿರುವ ಸಾಧ್ಯತೆಯೂ ಉಂಟು. ಪಿಪ್ ಇನ್‌ಸ್ಟಾಲ್, ಎನ್‌ಪಿಎಂ ಇನ್‌ಸ್ಟಾಲ್ ಎರಡಕ್ಕೂ ಖಾಯಂ ಅನುಮತಿ ಕೊಡದೆ, ಪ್ರತಿ ಬಾರಿಯೂ ಆ ಪ್ಯಾಕೇಜಿನ ಅಧಿಕೃತ ಪುಟ ನೋಡಿ ಒಪ್ಪಿಗೆ ಕೊಡಿ.

ಏಳನೆಯ ಹಂತ: ಬದಲಾವಣೆಯನ್ನು ಓದುವುದು

ಸಹಾಯಕದ ಸಾರಾಂಶವನ್ನು ಓದಿ ಸುಮ್ಮನಾಗಬಾರದು, ಬದಲಾದ ಸಾಲುಗಳನ್ನು ತೋರಿಸುವ ಗಿಟ್ ಡಿಫ್ ಓದಬೇಕು. ಮೊದಲು ಗಿಟ್ ಡಿಫ್‌ಗೆ ಸ್ಟ್ಯಾಟ್ ಆಯ್ಕೆ ಸೇರಿಸಿ ಯಾವ ಯಾವ ಫೈಲುಗಳು ಬದಲಾಗಿವೆ ಎಂದು ನೋಡಿ. ನೀವು ಹೇಳದ ಫೈಲೊಂದು ಪಟ್ಟಿಯಲ್ಲಿದ್ದರೆ ಅಲ್ಲಿಂದಲೇ ಓದಲು ಆರಂಭಿಸಿ. ಹೊಸದಾಗಿ ಹುಟ್ಟಿದ ಫೈಲುಗಳು ಈ ಪಟ್ಟಿಯಲ್ಲಿ ಬರುವುದಿಲ್ಲ, ಅವಕ್ಕೆ ಗಿಟ್ ಸ್ಟೇಟಸ್ ನೋಡಬೇಕು. ಪರೀಕ್ಷೆ ಸಫಲವಾಗದೇ ಹೋದಾಗ ಕೋಡನ್ನು ಬಿಟ್ಟು ಪರೀಕ್ಷೆಯನ್ನೇ ಸಡಿಲಿಸುವ, ಇಲ್ಲವೇ "ಶಾಸ್ತ್ರ" ಎಂದು ಬಂದರೆ 2 ಎಂದು ಹಿಂತಿರುಗಿಸುವ ವಿಶೇಷ ಸಾಲೊಂದನ್ನು ಸೇರಿಸಿ ಗೆದ್ದಂತೆ ತೋರಿಸುವ ಚಾಳಿ ಈ ಮಾದರಿಗಳಿಗೆ ಇದೆ. ನಿಷೇಧದ ಪಟ್ಟಿ ಮೊದಲನೆಯದಕ್ಕೆ ಬಹುಮಟ್ಟಿಗೆ ಅಡ್ಡ ಬರುತ್ತದೆ. ಎರಡನೆಯದನ್ನು ಹಿಡಿಯಲು, ಸಹಾಯಕ ನೋಡಿರದ ನಾಲ್ಕೈದು ಪದಗಳನ್ನು ನೀವೇ ಕೊಟ್ಟು ನೋಡಬೇಕು. "ಸ್ವಾತಂತ್ರ್ಯ" ಇದಕ್ಕೆ ಹೇಳಿಮಾಡಿಸಿದ ಪದ: ಸ್ವಾ, ತಂ, ತ್ರ್ಯ, ಒಟ್ಟು ಮೂರು.

ಗಿಟ್ ಆ್ಯಡ್‌ಗೆ ಹೈಫನ್ ಪಿ ಸೇರಿಸಿದರೆ ಬದಲಾವಣೆಗಳನ್ನು ತುಂಡುತುಂಡಾಗಿ ತೋರಿಸಿ, ಬೇಕೋ ಬೇಡವೋ ಎಂದು ಕೇಳುತ್ತದೆ. ನಿಧಾನ ಅನ್ನಿಸಿದರೂ ಕೋಡನ್ನು ನಿಜವಾಗಿ ಓದಿಸುವ ವಿಧಾನ ಇದೇ.

ಎಂಟನೆಯ ಹಂತ: ಸಂದರ್ಭ ಮತ್ತು ಖರ್ಚು

ಒಂದು ಸಂಭಾಷಣೆಯಲ್ಲಿ ಓದಿದ ಪ್ರತಿ ಫೈಲೂ, ಬಂದ ಪ್ರತಿ ದೋಷಸಂದೇಶವೂ ಮುಂದಿನ ಪ್ರತಿ ಸುತ್ತಿನಲ್ಲಿ ಮತ್ತೆ ಮಾದರಿಗೆ ಹೋಗುತ್ತದೆ. ಹೀಗಾಗಿ ಸಂಭಾಷಣೆ ಉದ್ದವಾದಷ್ಟೂ ಖರ್ಚು ಏರುತ್ತದೆ, ಹಳೆಯ ವಿಷಯಗಳು ಹೊಸ ಕೆಲಸಕ್ಕೆ ಅಡ್ಡಿಯಾಗುತ್ತವೆ. ಒಂದು ಕೆಲಸ ಮುಗಿದು ಕಮಿಟ್ ಆದ ಮೇಲೆ ಸ್ಲ್ಯಾಶ್ ಕ್ಲಿಯರ್ ಕೊಟ್ಟು ಹೊಸದಾಗಿ ಆರಂಭಿಸಿ. ಅದೇ ತಪ್ಪನ್ನು ಸಹಾಯಕ ಎರಡು ಬಾರಿ ಮಾಡಿದರೆ ಮೂರನೆಯ ಬಾರಿ ತಿದ್ದಲು ಹೋಗದೆ, ಕ್ಲಿಯರ್ ಮಾಡಿ, ಕಲಿತದ್ದನ್ನು ಸೇರಿಸಿ ಸೂಚನೆಯನ್ನು ಹೊಸದಾಗಿ ಬರೆಯುವುದು ಲಾಭಕರ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು, ಟೋಕನ್‌ಗಳೂ ಇಂಗ್ಲಿಷ್ ಪಠ್ಯಕ್ಕಿಂತ ಹೆಚ್ಚು ಖರ್ಚಾಗುತ್ತವೆ. ಆದ್ದರಿಂದ ಇಡೀ ಕಾದಂಬರಿಯ ಪಠ್ಯವಿರುವ ಫೈಲನ್ನು ಓದಿಸದೆ, ಅದರಿಂದ ಇಪ್ಪತ್ತು ಸಾಲನ್ನು ನಮೂನೆ ಫೈಲಾಗಿ ಕತ್ತರಿಸಿ ಕೊಡಿ.

ಒಂಬತ್ತನೆಯ ಹಂತ: ಸ್ಕ್ರಿಪ್ಟ್ ಒಳಗೆ ಬಳಸುವುದು

ಕಮಾಂಡ್ ಲೈನ್ ಸಾಧನದ ನಿಜವಾದ ಲಾಭ ಇಲ್ಲಿದೆ. ಕ್ಲಾಡ್ ಹೈಫನ್ ಪಿ, ಕೋಡೆಕ್ಸ್ ಎಕ್ಸೆಕ್, ಜೆಮಿನೈ ಹೈಫನ್ ಪಿ, ಏಡರ್‌ನ ಮೆಸೇಜ್ ಆಯ್ಕೆ ಇವೆಲ್ಲ ಸಂಭಾಷಣೆ ತೆರೆಯದೆ ಒಂದು ಸೂಚನೆ ಪಡೆದು, ಉತ್ತರ ಕೊಟ್ಟು ನಿಲ್ಲುತ್ತವೆ. ಗಿಟ್ ಡಿಫ್‌ನ ಫಲಿತಾಂಶವನ್ನು ಪೈಪ್ ಗುರುತಿನ ಮೂಲಕ ಕ್ಲಾಡ್ ಹೈಫನ್ ಪಿಗೆ ಕಳಿಸಿ "ಈ ಬದಲಾವಣೆಯಲ್ಲಿ ಸಂಕೇತಕ್ರಮ ನಮೂದಿಸದೆ ಫೈಲ್ ತೆರೆದ ಸಾಲುಗಳಿದ್ದರೆ ತೋರಿಸು" ಎಂದು ಕೇಳಬಹುದು. ಕಮಿಟ್‌ಗೆ ಮುಂಚೆ ತಾನಾಗಿ ಓಡುವ ಸ್ಕ್ರಿಪ್ಟಿನಲ್ಲಿ (ಹುಕ್) ಇದನ್ನು ಸೇರಿಸಬಹುದು. ಆದರೆ ಒಂದೇ ಪ್ರಶ್ನೆಗೆ ಎರಡು ಬಾರಿ ಎರಡು ಉತ್ತರ ಬರಬಹುದಾದ್ದರಿಂದ, ಕಮಿಟನ್ನು ತಡೆಯುವ ಅಧಿಕಾರ ಪೈಟೆಸ್ಟ್‌ಗಿರಲಿ, ಸಹಾಯಕದ ಮಾತು ಟಿಪ್ಪಣಿಯಾಗಿ ಮಾತ್ರ ಬರಲಿ.

ಈ ವಿಧಾನದಲ್ಲಿ ಅನುಮತಿ ಕೇಳಲು ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ, ಬೇಕಾದ ಅನುಮತಿಗಳನ್ನು ಆಜ್ಞೆಯಲ್ಲೇ ಪಟ್ಟಿಮಾಡಿ ಕೊಡಬೇಕು. ಪರಿಶೀಲನೆಯಂಥ ಕೆಲಸಕ್ಕೆ ಓದುವ ಅನುಮತಿ ಸಾಕು. ಇದನ್ನೇ ಗಿಟ್‌ಹಬ್‌ನಲ್ಲಿ ಸ್ವಯಂಚಾಲಿತವಾಗಿ ಓಡಿಸುವವರು, ಅಪರಿಚಿತರು ತಮ್ಮ ಫೋರ್ಕ್‌ನಿಂದ (ಯೋಜನೆಯ ತಮ್ಮದೇ ಪ್ರತಿಯಿಂದ) ಕಳಿಸಿದ ಪುಲ್ ರಿಕ್ವೆಸ್ಟ್‌ಗಳಿಗೆ (ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆಗಳಿಗೆ) ಈ ಕೆಲಸ ತಾನಾಗಿ ಆರಂಭವಾಗದಂತೆ, ಯೋಜನೆಯ ಸದಸ್ಯರೊಬ್ಬರು ಓದಿ ಒಪ್ಪಿದ ಮೇಲಷ್ಟೇ ಓಡುವಂತೆ ಹೊಂದಿಸಬೇಕು, ಏಕೆಂದರೆ ಆ ಯಂತ್ರದಲ್ಲಿ ನಿಮ್ಮ ಎಪಿಐ ಕೀಲಿ ಇರುತ್ತದೆ, ಸಹಾಯಕ ಓದುವ ಪಠ್ಯ ಮಾತ್ರ ಆ ಅಪರಿಚಿತರು ಬರೆದದ್ದಾಗಿರುತ್ತದೆ.